ಗ್ರೈಂಡರಿಗೆ ಬಂದ ಧನ್ಯವಾದ

ಬುಸೈತೀನ್
ಬಹ್ರೇನ್, 2 ಫೆಬ್ರವರಿ 2024

ಶ್ರೀ ಭುಜಂಗ ಮತ್ತು ಮನೆಯವರಿಗೆ,
ರಿಫಾ.

ಮಾನ್ಯರೇ,

ಜನವರಿ ಹನ್ನೆರಡರಂದು ಮನಾಮದ ಇಗರ್ಜಿಯಲ್ಲಿ ನಡೆದ ನಮ್ಮ ಮದುವೆಗೆ ನೀವು ಕಳುಹಿಸಿದ ಉಡುಗೊರೆ ತಲುಪಿದೆ. ಮೇಜಿನ ಮೇಲಿಡುವ ಗ್ರೈಂಡರ್ ನಮ್ಮ ಹೊಸ ಅಡುಗೆಮನೆಗೆ ಬೇಕಾಗಿಯೇ ಇತ್ತು. ಮೊದಲ ದಿನ ಅದರಲ್ಲಿ ಉದ್ದು ರುಬ್ಬಿದೆವು. ಮರುದಿನ ರೋನ್ಸನ್ ಅವರ ತಾಯಿ ಜೂಲಿಯಾನಾ ಬಂದು ಆ ಹಿಟ್ಟಿನಿಂದ ಇಡ್ಲಿಯಂಥ ಸಾನ್ನ ಬೇಯಿಸಿದರು, ಎಲ್ಲರೂ ತಿಂದೆವು. ಪ್ರತಿ ಸಲ ಅದರ ಸ್ವಿಚ್ ಹಾಕುವಾಗ ನಿಮ್ಮ ನೆನಪಾಗುತ್ತದೆ.

ಧನ್ಯವಾದಗಳು.

ಇಂತು,
ಸುರಕ್ಷಾ ಮತ್ತು ರೋನ್ಸನ್

*

ರಿಫಾ
9 ಫೆಬ್ರವರಿ 2024

ಸುರಕ್ಷಾ,

ನಿನ್ನ ಧನ್ಯವಾದ ಬಂತು. ಬಂದ ದಾರಿಯಲ್ಲೇ ಹಿಂದೆ ಹೋಗುತ್ತಿದೆ. ಕವರಿನೊಳಗೆ ಕೈ ಹಾಕಿ ನೋಡು, ನಿನ್ನ ಗುಲಾಬಿ ಅಂಚಿನ ಕಾರ್ಡ್ ಹಾಗೆಯೇ ಇದೆ.

ಮೊದಲನೆಯ ಮಾತು. ಈ ಭುಜಂಗ ಯಾರಿಗೂ ಗ್ರೈಂಡರ್ ಕೊಟ್ಟಿಲ್ಲ. ಮಗಳು ಇಗರ್ಜಿಯಲ್ಲಿ ಉಂಗುರ ತೊಡುವುದಾದರೆ ಆ ಮದುವೆಗೆ ನನ್ನ ಕಾಲೂ ಬರುವುದಿಲ್ಲ, ನನ್ನ ಕೈಯೂ ಬರುವುದಿಲ್ಲ ಎಂದು ನಡುಮನೆಯಲ್ಲಿ ನಿಂತು ಹೇಳಿದವನು ನಾನು. ಹೇಳಿದ ಹಾಗೆ ನಡೆದವನೂ ನಾನೇ. ಆ ದಿನ ಅಂಗಡಿಗೆ ಹೋಗಿ, ಶಟರ್ ಅರ್ಧ ಇಳಿಸಿ, ಕೆಟ್ಟಿರದ ಒಂದು ಎ.ಸಿ.ಯನ್ನು ಪೂರ್ತಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದೆ. ಆ ಎ.ಸಿ. ಈಗ ಕೆಲಸ ಮಾಡುವುದಿಲ್ಲ. ಅದು ಬೇರೆ ಸಂಗತಿ.

ಹಾಗಾದರೆ ಗ್ರೈಂಡರ್ ಎಲ್ಲಿಂದ ಹುಟ್ಟಿತು? ನಿನ್ನ ಅಮ್ಮನನ್ನು ಕೇಳಿದೆ. ಉಮಾವತಿ ಸಿಂಕಿನ ಹತ್ತಿರ ಬಂಗುಡೆ ಮೀನು ಕೊಯ್ಯುತ್ತಿದ್ದಳು. ತಲೆ ಎತ್ತಲಿಲ್ಲ.

"ನಾನು ಕೊಟ್ಟದ್ದು."

"ಮತ್ತೆ ಅದರ ಮೇಲೆ ನನ್ನ ಹೆಸರು ಯಾಕೆ ಉಂಟು?"

"ಕೈ ಬರೆಯಿತು. ಈ ಊರಿಗೆ ಬಂದಲ್ಲಿಂದ ಯಾರ ಮದುವೆಗೆ ಹೋದರೂ ಪೆಟ್ಟಿಗೆಯ ಮೇಲೆ ಅದನ್ನೇ ಬರೆದದ್ದಲ್ವಾ. ಭುಜಂಗ ಮತ್ತು ಮನೆಯವರು, ರಿಫಾ. ಕೈಗೆ ಬೇರೆಂತದೂ ಬರುವುದಿಲ್ಲ ಮಾರ್ರೆ."

ಕೇಳಿದೆಯಲ್ಲ? ಕೈ ತಪ್ಪಿದ್ದು ಅವಳದು, ಹೆಸರು ಕೆಟ್ಟದ್ದು ನನ್ನದು. ನಿನ್ನ ಕಾರ್ಡನ್ನು ಓದಿದ ಯಾರೇ ಆದರೂ ಭುಜಂಗ ಸೋತ, ಮೆಲ್ಲಗೆ ಹಿಂಬಾಗಿಲಿನಿಂದ ಗ್ರೈಂಡರ್ ದಾಟಿಸಿದ ಎಂದುಕೊಳ್ಳುತ್ತಾರೆ. ಅದು ಸುಳ್ಳು.

ಎರಡನೆಯ ಮಾತು ಮೊದಲನೆಯದಕ್ಕಿಂತ ದೊಡ್ಡದು. ಧನ್ಯವಾದ ಎಂಬ ಪದ ನಮ್ಮ ಮನೆಯೊಳಗೆ ಯಾವಾಗ ಕಾಲಿಟ್ಟಿತು? ಅಂಗಡಿಗೆ ಬರುವ ಗಿರಾಕಿಗೆ ಧನ್ಯವಾದ. ವೀಸಾಕ್ಕೆ ಮೊಹರು ಹಾಕಿದವನಿಗೆ ಧನ್ಯವಾದ. ನಿನಗೆ ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದಕ್ಕೆ ನೀನು ಕಾರ್ಡ್ ಬರೆದಿದ್ದೆಯಾ? ಮನೆಯವರಿಗೆ ಧನ್ಯವಾದ ಹೇಳುವುದೆಂದರೆ ಹೊಸ್ತಿಲಲ್ಲಿ ನಿಲ್ಲಿಸಿ, ನೀರು ಕೊಟ್ಟು, ಬಾಗಿಲು ಹಾಕಿಕೊಂಡ ಹಾಗೆ. ಅದನ್ನು ನಾನು ತೆಗೆದುಕೊಳ್ಳುವುದಿಲ್ಲ.

ಇಂತು,
ಭುಜಂಗ

*

ಬುಸೈತೀನ್
1 ಮಾರ್ಚ್ 2024

ಮಾನ್ಯ ಭುಜಂಗ ಅವರೇ,

ಕಾರ್ಡ್ ಮತ್ತೆ ಕಳುಹಿಸುತ್ತಿದ್ದೇನೆ. ಅಮ್ಮ ಪ್ರತಿ ಶುಕ್ರವಾರ ತರುವ ಟಿಫಿನ್ ಡಬ್ಬಿಯ ಅಡಿಯಲ್ಲಿ ಬಂದದ್ದರಿಂದ ಒಂದು ಮೂಲೆಗೆ ಮೀನಿನ ಪುಳಿಮುಂಚಿಯ ರಸ ತಾಗಿದೆ. ಹೆಸರು ಓದಲು ಬರುತ್ತದೆ, ಅಷ್ಟು ಸಾಕು.

ನಾನು ಹೋಟೆಲಿನಲ್ಲಿ ಮದುವೆ ಹಾಲ್‌ಗಳನ್ನು ನೋಡಿಕೊಳ್ಳುವವಳು ಎಂದು ನಿಮಗೆ ಗೊತ್ತು. ಲೆಬನಾನಿನವರು, ಗೋವಾದವರು, ಇಲ್ಲಿಯವರು, ಎಲ್ಲರ ಮದುವೆಯೂ ನನ್ನ ಕೈಯಲ್ಲಿ ನಡೆಯುತ್ತದೆ. ಮದುವೆ ಮುಗಿದ ಮೇಲೆ ಹುಡುಗಿಯರಿಗೆ ನಾನೇ ಹೇಳಿಕೊಡುತ್ತೇನೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯಿರಿ. ಸ್ವಂತ ಕೈಯಿಂದ ಬರೆಯಿರಿ. ಏನು ಕೊಟ್ಟರೋ ಅದರ ಹೆಸರು ಹೇಳಿ, ಅದರಿಂದ ಏನು ಮಾಡಿದಿರಿ ಎಂದು ಹೇಳಿ. ತಡಮಾಡಬೇಡಿ. ಪೆಟ್ಟಿಗೆಯ ಮೇಲೆ ಯಾರ ಹೆಸರಿದೆಯೋ ಧನ್ಯವಾದ ಅವರಿಗೆ. ಇದರಲ್ಲಿ ಅಪ್ಪನಿಗೆ ಬೇರೆ, ಅಂಗಡಿಯವನಿಗೆ ಬೇರೆ ಎಂಬ ನಿಯಮ ಇಲ್ಲ.

ಇರಲಿ, ನಿಮ್ಮ ನಿಯಮವನ್ನೇ ಹಿಡಿಯೋಣ. ಧನ್ಯವಾದ ಹೊರಗಿನವರಿಗೆ ಮಾತ್ರ ಎಂದಿರಿ. ನಾನು ಪೆಟ್ಟಿಗೆ ಹಿಡಿದು ಮನೆಯಿಂದ ಹೊರಟ ದಿನ ನೀವು ಹೇಳಿದ್ದೇನು? ಎಡಗೈ ಎದೆಯ ಮೇಲೆ, ಬಲಗೈ ಬಾಗಿಲಿನ ಕಡೆಗೆ, ಮುಖ ಪ್ರೇಕ್ಷಕರು ಇರಬೇಕಾದ ಜಾಗಕ್ಕೆ. ಅಲ್ಲಿ ಇದ್ದದ್ದು ಫ್ರಿಜ್. "ಈ ಗಳಿಗೆಯಿಂದ ನೀನು ಹೊರಗಿನವಳು." ಉಚ್ಚಾರ ಸ್ಪಷ್ಟವಾಗಿತ್ತು. ನನಗೆ ನೆನಪಿದೆ, ಏಕೆಂದರೆ ನಿಮ್ಮ ಮಾತುಗಳನ್ನು ನೆನಪಿಡುವುದೇ ನನ್ನ ಕೆಲಸವಾಗಿತ್ತು. ಇಲ್ಲಿಯ ಕನ್ನಡ ಸಂಘದ ನಾಟಕದಲ್ಲಿ ಪ್ರತಿ ವರ್ಷ ಸೈಡ್‌ವಿಂಗಿನಲ್ಲಿ ಸ್ಟೂಲ್ ಹಾಕಿ ಕೂತು, ಟಾರ್ಚ್ ಹಿಡಿದು, ನಿಮಗೆ ಮಾತು ಹೇಳಿಕೊಟ್ಟವಳು ನಾನು. ನನ್ನ ಕನ್ನಡ ಬಂದದ್ದು ಆ ಸ್ಟೂಲಿನಿಂದ. ಈ ಪತ್ರವೂ ಅಲ್ಲಿಂದಲೇ ಬರುತ್ತಿದೆ ಎಂದು ತಿಳಿಯಿರಿ.

ಆ ನಾಟಕದಲ್ಲಿ ನೀವು ಕೆಂಪು ಮಖಮಲ್ಲಿನ ನಿಲುವಂಗಿ ತೊಟ್ಟ ರಾಜ. ನಿಮ್ಮ ಮಗಳು ನದಿ ದಾಟಿಸುವ ಅಂಬಿಗನನ್ನು ಮೆಚ್ಚುತ್ತಾಳೆ. ಮಂತ್ರಿ ಬೇಡ ಎನ್ನುತ್ತಾನೆ, ಪುರೋಹಿತ ಬೇಡ ಎನ್ನುತ್ತಾನೆ, ನೀವು ಸಿಂಹಾಸನದಿಂದ ಇಳಿದು ಬಂದು ಮಗಳ ಕೈಯನ್ನು ಅಂಬಿಗನ ಕೈಯಲ್ಲಿ ಇಡುತ್ತೀರಿ. ಸಭೆಯಲ್ಲಿ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನೂ ಒರೆಸಿಕೊಳ್ಳುತ್ತಿದ್ದೆ, ಮೂರ್ಖಳ ಹಾಗೆ. ರೋನ್ಸನ್ ಅಂಬಿಗನೂ ಅಲ್ಲ, ಆಸ್ಪತ್ರೆಯಲ್ಲಿ ನರ್ಸ್.

ಈಗ ನೀವು ಆರಿಸಿ. ನಾನು ಹೊರಗಿನವಳಾದರೆ ಕಾರ್ಡ್ ತೆಗೆದುಕೊಳ್ಳಿ, ಕಪಾಟಿನಲ್ಲಿಡಿ, ಮುಗಿಯಿತು. ಕಾರ್ಡ್ ಚುಚ್ಚುತ್ತದೆ ಎಂದಾದರೆ ನಾನು ಹೊರಗಿನವಳಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ನಾನು ಬಿಡುವುದಿಲ್ಲ.

ಇಂತು,
ಸುರಕ್ಷಾ

*

ರಿಫಾ
8 ಮಾರ್ಚ್ 2024

ಸುರಕ್ಷಾ,

ರಂಗ ಬೇರೆ, ಮನೆ ಬೇರೆ. ರಂಗದಲ್ಲಿ ನಾನು ವಿಷ ಕುಡಿದು ಸತ್ತಿದ್ದೇನೆ, ಮರುದಿನ ಅಂಗಡಿ ತೆರೆದಿದ್ದೇನೆ. ಯಾರೂ ಬಂದು ನೀನು ಸತ್ತಿದ್ದೆಯಲ್ಲ ಎಂದು ಕೇಳಲಿಲ್ಲ.

ಆರಿಸು ಎನ್ನುತ್ತೀಯ. ನನ್ನ ಮುಂದೆ ಎರಡು ಬಟ್ಟಲು ಇಟ್ಟು ಆರಿಸು ಎನ್ನಲು ನಾನೇನು ನಿನ್ನ ಹೋಟೆಲಿನ ಗಿರಾಕಿಯೇ? ಆರಿಸುವುದಿಲ್ಲ. ಕಾರ್ಡ್ ಇದರ ಜೊತೆಗಿದೆ, ಹಿಡಿದುಕೋ. ಗ್ರೈಂಡರ್ ನನ್ನದಲ್ಲ, ನಿನ್ನ ಬುಸೈತೀನ್ ನನ್ನದಲ್ಲ. ರಿಫಾದಿಂದ ನಿನ್ನ ಕಡೆಗೆ ಬರುವ ಆ ಸಮುದ್ರದ ಸೇತುವೆಯನ್ನು ದಾಟುವವನು ನಾನಲ್ಲ.

ಇನ್ನೊಂದು. ಈ ಸಲವೂ ಅದೇ ನಾಟಕ, ಅದೇ ರಾಜ. ಸಂಘದ ಕಾರ್ಯದರ್ಶಿ ನವನೀತ ಬಂದು, "ಅಣ್ಣ, ಸುರಕ್ಷಾ ಇಲ್ಲ ಅಲ್ವಾ, ಮಾತು ಹೇಳಿಕೊಡಲಿಕ್ಕೆ ಯಾರನ್ನು ಕೂರಿಸುವ?" ಎಂದ. ಯಾರೂ ಬೇಡ ಎಂದೆ. ಆ ಮಾತುಗಳು ನನ್ನ ನಾಲಿಗೆಯ ಮೇಲೆ ಇವೆ.

ಇಂತು,
ಭುಜಂಗ

*

ರಿಫಾ
19 ಏಪ್ರಿಲ್ 2024

ಪ್ರೀತಿಯ ಮಗಾ,

ಅಮ್ಮ ಬರೆಯುವುದು. ವಾಟ್ಸಾಪಿನಲ್ಲಿ ಹಾಕಬಹುದಿತ್ತು, ಆದರೆ ನೀವಿಬ್ಬರೂ ಇಷ್ಟು ಗತ್ತಿನಲ್ಲಿ ಕಾಗದ ಬರೆಯುವಾಗ ನಾನೊಬ್ಬಳು ಯಾಕೆ ಬಿಡಬೇಕು? ಅವರು ಅಂಗಡಿಯ ಬಿಲ್ಲಿನ ಕಾಗದದಲ್ಲಿ ಬರೆಯುತ್ತಾರೆ. ನಾನು ಒಳ್ಳೆಯ ಕಾಗದ ತಂದಿದ್ದೇನೆ.

ನಾಟಕ ಆಯಿತು. ನೀನು ಬರಲಿಲ್ಲ, ಅದಕ್ಕೆ ಹೇಳುತ್ತೇನೆ. ಮಗಳ ಕೈಯನ್ನು ಅಂಬಿಗನ ಕೈಯಲ್ಲಿ ಇಡುವವರೆಗೆ ಎಲ್ಲ ಸರಿಯಿತ್ತು. ಆಮೇಲೆ "ಹೋಗಿ ಬಾ ಮಗಳೇ" ಎಂದು ಹೇಳಲಿಕ್ಕುಂಟಲ್ಲ, ಅಲ್ಲಿ ಪಪ್ಪನಿಗೆ ಮಾತು ನಿಂತಿತು. ಸೈಡ್‌ವಿಂಗಿನ ಕಡೆ ತಿರುಗಿ ನೋಡಿದರು. ಅಲ್ಲಿ ಖಾಲಿ ಸ್ಟೂಲ್ ಮಾತ್ರ. ಸುಮ್ಮನೆ ನೋಡುತ್ತಾ ನಿಂತರು. ಕಡೆಗೆ ನವನೀತ ಪರದೆ ಎಳೆಸಿದ. ಜನ ಅದನ್ನೂ ನಾಟಕದ್ದೇ ಎಂದುಕೊಂಡು ಜೋರು ಚಪ್ಪಾಳೆ ಹೊಡೆದರು. ಅವರು ಮನೆಗೆ ಬಂದು, "ಲೈಟ್ ಕಣ್ಣಿಗೆ ಬಿತ್ತು" ಎಂದರು. ನಾನು ಹೌದು ಎಂದೆ.

ಇನ್ನು ನನ್ನ ಜಗಳ. ನಿಮ್ಮಿಬ್ಬರದು ಮುಗಿಯಲಿ ಎಂದು ಕಾದರೆ ನನ್ನದಕ್ಕೆ ಜಾಗವೇ ಇಲ್ಲ. ಆ ಗ್ರೈಂಡರ್ ನನ್ನದು. ಅಂಗಡಿಯಲ್ಲಿ ಆರಿಸಿದ್ದು ನಾನು, ಕಲ್ಲು ಮುಟ್ಟಿ ನೋಡಿದ್ದು ನಾನು, ಸೀರೆ ಉಟ್ಟುಕೊಂಡು ಟ್ಯಾಕ್ಸಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಇಗರ್ಜಿಗೆ ತಂದದ್ದು ನಾನು. ಕೈ ಅಭ್ಯಾಸದಲ್ಲಿ ಅವರ ಹೆಸರು ಬರೆಯಿತು, ಒಪ್ಪಿದೆ. ಆದರೆ ಮಗಾ, ನೀನು ನನ್ನನ್ನು ಅಲ್ಲಿ ಕಣ್ಣಾರೆ ನೋಡಿದವಳು. ಕಾರ್ಡ್ ಬರೆಯುವಾಗ "ಮನೆಯವರಿಗೆ" ಎಂದೆ. ಆ ಮನೆಯವರು ಯಾರು ಎಂದು ಕೇಳುವ ಕ್ರಮ ನಿನ್ನ ಹೋಟೆಲಿನಲ್ಲಿ ಇಲ್ಲವಾ? ಇಷ್ಟು ವರ್ಷ ಊರಿಗೆಲ್ಲ ಉಡುಗೊರೆ ಕಟ್ಟಿದ್ದೇನೆ. ಕಾಗದ ಸುತ್ತಿದ್ದು, ರಿಬ್ಬನ್ ಕಟ್ಟಿದ್ದು ಎಲ್ಲ ನಾನು. "ಭುಜಂಗಣ್ಣನದ್ದು ಒಳ್ಳೆಯ ಆಯ್ಕೆ" ಎಂದು ಜನ ಹೇಳುತ್ತಾರೆ. ನಾನು ನಗುತ್ತಿದ್ದೆ. ಇನ್ನು ನಗುವುದಿಲ್ಲ.

ಒಳಗಿನವರು ಹೊರಗಿನವರು ಎಂಬುದು ನಿಮ್ಮಿಬ್ಬರ ಲೆಕ್ಕಾಚಾರ. ನನಗೆ ಅದೆಲ್ಲ ಬೇಡ. ಮುಂದಿನ ಸಲ ನನ್ನ ಉಡುಗೊರೆಯ ಮೇಲೆ ನನ್ನ ಹೆಸರೇ ಇರುತ್ತದೆ, ಉಮಾವತಿ ಎಂದು. ಮತ್ತೆ ನನಗೆ ಕಾರ್ಡ್ ಬೇಕು. ಗುಲಾಬಿ ಅಂಚಿನದ್ದೇ. ಪಪ್ಪ ಏನಾದರೂ ಕೊಡುವುದಿದ್ದರೆ ಅವರೇ ಹೋಗಿ ತರಲಿ, ಅವರೇ ಹೆಸರು ಬರೆಯಲಿ.

ಒಂದು ಹೇಳಬಾರದು ಎಂದಿದ್ದೆ, ಹೇಳಿಬಿಡುತ್ತೇನೆ. ಶುಕ್ರವಾರ ನಾನು ಬಸ್ಸಿನಲ್ಲಿ ಬರುವುದಲ್ಲ. ಅವರೇ ಕರೆದುಕೊಂಡು ಬರುವುದು. ನಿನ್ನ ಬಿಲ್ಡಿಂಗಿನ ಕೆಳಗೆ, ನೀನು ಹಾಲು, ದಿನಸಿ ತರುವ ಕೋಲ್ಡ್ ಸ್ಟೋರಿನ ಪಕ್ಕ ಕಾರು ನಿಲ್ಲಿಸಿ ಕೂತಿರುತ್ತಾರೆ. "ಸೇತುವೆ ದಾಟುವುದಿಲ್ಲ ಎಂದಿರಲ್ಲ?" ಎಂದು ಕೇಳಿದೆ. "ಕಾರಿನಿಂದ ಇಳಿದರೆ ಮಾತ್ರ ದಾಟಿದ ಹಾಗೆ" ಎಂದರು. ಇವರ ಹತ್ತಿರ ಎಂತ ಮಾತಾಡುವುದು?

ನಿನ್ನ,
ಅಮ್ಮ

*

ಬುಸೈತೀನ್
25 ಅಕ್ಟೋಬರ್ 2024

ಮಾನ್ಯ ಭುಜಂಗ ಅವರೇ,

ನಾನು ಬಸುರಿ ಎಂಬುದು ಅಮ್ಮನಿಂದ ನಿಮಗೆ ಎಂದೋ ತಿಳಿದಿದೆ. ಜೂನ್ ತಿಂಗಳಿನಿಂದ ಟಿಫಿನ್ ಡಬ್ಬಿಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಬರುತ್ತಿದೆ. ಅದು ಅಮ್ಮನ ಕೈಯದ್ದಲ್ಲ. ಅಮ್ಮ ಅಷ್ಟು ಖಾರ ಹಾಕುವುದಿಲ್ಲ, ಮಾವಿನಕಾಯಿಯನ್ನು ಅಷ್ಟು ದಪ್ಪ ಹೆಚ್ಚುವುದೂ ಇಲ್ಲ. ಅದರ ಮೇಲೆ ಹೆಸರಿಲ್ಲದ್ದರಿಂದ ನಾನು ಯಾರಿಗೂ ಕಾರ್ಡ್ ಬರೆಯಲಿಲ್ಲ.

ನವೆಂಬರ್ 29, ಶುಕ್ರವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಕಾರ್ಯಕ್ರಮ. ಹೋಟೆಲಿನ ಗೆಳತಿಯರು ಅದನ್ನು ಬೇಬಿ ಶವರ್ ಎನ್ನುತ್ತಾರೆ, ಅಮ್ಮ ಬಯಕೆ ಎನ್ನುತ್ತಾರೆ. ಎರಡೂ ಒಂದೇ ದಿನ, ಒಂದೇ ಹಾಲ್‌ನಲ್ಲಿ. ಒಂದು ಮೂಲೆಯಲ್ಲಿ ಬಲೂನ್, ಇನ್ನೊಂದು ಮೂಲೆಯಲ್ಲಿ ದೀಪ. ಜೂಲಿಯಾನಾ ಅಮ್ಮ ಹೂವಿನ ಜಡೆ ಮಾಡಿಸುವ ಬಗ್ಗೆ ನಮ್ಮಮ್ಮನಿಗಿಂತ ಹೆಚ್ಚು ತಲೆ ಕೆಡಿಸಿಕೊಂಡಿದ್ದಾರೆ. ಸಂಘದವರನ್ನು ಕರೆದಿದ್ದೇನೆ. ಕರೆಯದೆ ಬಿಟ್ಟರೆ ನಾನು ತಲೆ ತಗ್ಗಿಸಿದ ಹಾಗೆ.

ತವರಿನವರು ಬರಬೇಕಾದ ದಿನ ಅದು. ಅಮ್ಮ ಬರುತ್ತಾರೆ. ನಿಮ್ಮನ್ನೂ ಕರೆಯುತ್ತಿದ್ದೇನೆ. ಬೇಡಿಕೊಳ್ಳುತ್ತಿಲ್ಲ, ಕರೆಯುತ್ತಿದ್ದೇನೆ. ಮತ್ತು ಮೊದಲೇ ಎಚ್ಚರಿಸುತ್ತಿದ್ದೇನೆ. ಅಂದು ಬರುವ ಪ್ರತಿ ಉಡುಗೊರೆಗೂ ಕಾರ್ಡ್ ಹೋಗುತ್ತದೆ. ನಿಮ್ಮ ಹೆಸರಿನದು ಬಂದರೆ ನಿಮಗೂ ಹೋಗುತ್ತದೆ. ನೀವು ಇನ್ನೂ ಆರಿಸಿಲ್ಲ.

ಹಳೆಯ ಕಾರ್ಡ್ ನಿಮ್ಮ ಕಡೆಯಿಂದ ಬಂದ ಮೇಲೆ ನನ್ನಲ್ಲೇ ಇದೆ. ಗ್ರೈಂಡರಿನ ಒಂದು ಕಾಲು ಅಲ್ಲಾಡುತ್ತಿತ್ತು, ಮಡಚಿ ಅದರಡಿಗೆ ಇಟ್ಟಿದ್ದೇನೆ. ಗ್ರೈಂಡರ್ ಇರುವುದು ಅಡುಗೆಮನೆಯ ಕಿಟಕಿಯ ಹತ್ತಿರ. ಆ ಕಿಟಕಿಯಿಂದ ಕೋಲ್ಡ್ ಸ್ಟೋರಿನ ಪಕ್ಕದ ಜಾಗ ಚೆನ್ನಾಗಿ ಕಾಣುತ್ತದೆ, ಬೂದು ಬಣ್ಣದ ಕಾರು, ಒಳಗೆ ಪೇಪರ್ ಹಿಡಿದ ಒಬ್ಬರು. ಸ್ವಿಚ್ ಹಾಕುವಾಗ ನೆನಪಾಗುತ್ತದೆ ಎಂದು ಮೊದಲ ಕಾರ್ಡಿನಲ್ಲೇ ಬರೆದಿದ್ದೆ. ನೀವು ಅದನ್ನು ಬರೀ ಶಿಷ್ಟಾಚಾರ ಎಂದುಕೊಂಡಿರಿ.

ಇಂತು,
ಸುರಕ್ಷಾ

*

ರಿಫಾ
28 ನವೆಂಬರ್ 2024

ಸುರಕ್ಷಾ,

ಈ ಪತ್ರ ಪೆಟ್ಟಿಗೆಯೊಳಗಿದೆ. ಪೆಟ್ಟಿಗೆಯ ಮೇಲೆ ನನ್ನ ಕೈಯಿಂದಲೇ ಬರೆದಿದ್ದೇನೆ, ಭುಜಂಗ ಎಂದು. ಮನೆಯವರು ಎಂಬ ಪದ ಇಲ್ಲ. ಮನೆಯವರು ಬೇರೆ ಪೆಟ್ಟಿಗೆ ತರುತ್ತಿದ್ದಾರೆ, ಅದರ ಮೇಲೆ ಅಂಗೈಯಗಲದ ಅಕ್ಷರದಲ್ಲಿ ಉಮಾವತಿ ಎಂದು ಬರೆದುಕೊಂಡಿದ್ದಾರೆ. ರಿಬ್ಬನ್ ಕಟ್ಟಿಕೊಡು ಎಂದು ನನ್ನದನ್ನು ಮುಂದಿಟ್ಟೆ. "ನಿಮ್ಮದು ನೀವೇ ಕಟ್ಟಿ" ಎಂದಳು. ರಿಬ್ಬನ್ ಹೀಗೆ ಯಾಕಿದೆ ಎಂದು ಅಲ್ಲಿ ಯಾರೂ ಕೇಳಬಾರದು.

ಒಳಗೆ ಇರುವುದೇನೆಂದು ನೋಡಿದ ಕೂಡಲೇ ಗುರುತು ಹಿಡಿಯುತ್ತೀಯ. ಆ ಕೆಂಪು ಮಖಮಲ್ಲಿನ ನಿಲುವಂಗಿಯನ್ನು ಹೊತ್ತೊಯ್ದು ಮನಾಮದ ಟೈಲರ್ ಅಫ್ಸಲನ ಮೇಜಿನ ಮೇಲೆ ಹರಡಿದೆ. ಅವನು ಕತ್ತರಿ ಹಿಡಿದು ನಿಂತ. "ಸಾಬ್, ರಾಜಾ ಕಾ ಕಪಡಾ ಹೈ. ಸಚ್ ಮೇ ಕಾಟೂಂ?" ಕಾಟೋ, ಕತ್ತರಿಸು ಎಂದೆ. ಹಾಲ್‌ನ ಕೊನೆಯ ಸಾಲಿಗೆ ಕೇಳುವ ಹಾಗೆ ಎಂದೆ. ಪಕ್ಕದ ಅಂಗಡಿಯವನು ಇಣುಕಿ ನೋಡಿದ.

ಜರಿಯ ಅಂಚು ತೆಗೆಸಿದ್ದೇನೆ, ಚುಚ್ಚುತ್ತದೆ. ಹೊದಿಕೆಯ ಒಳಗೆ ಮೆತ್ತಗಿನ ಹತ್ತಿಬಟ್ಟೆ ಹಾಕಿಸಿದ್ದೇನೆ, ಮಖಮಲ್ ಮೈಗೆ ತುರಿಸುತ್ತದೆ ಎಂದು ಅದನ್ನು ತೊಟ್ಟವನಿಗೆ ಗೊತ್ತು. ಹುಟ್ಟುವ ಮೊದಲು ಮಗುವಿಗೆ ಏನೂ ಕೊಡಬಾರದು ಎಂದು ಉಮಾವತಿಯ ಹಟ. ಆದ್ದರಿಂದ ಇದು ನಿನಗೆ. ನೀನು ಹೊದ್ದುಕೊಳ್ಳಲು ಸಣ್ಣದಾಯಿತು ಎನಿಸಿದರೆ ಅದು ಅಫ್ಸಲನ ತಪ್ಪು.

ಸುದ್ದಿ ಮುಟ್ಟಿ ನವನೀತ ಓಡಿ ಬಂದ. "ಅಣ್ಣ, ಬರುವ ವರ್ಷ ರಾಜ ಎಂತ ತೊಡುವುದು?" ರಾಜನ ಪಾತ್ರ ಯಾರಿಗಾದರೂ ಕೊಡು, ನನಗೆ ಅಂಬಿಗನ ಪಾತ್ರ ಬೇಕು ಎಂದೆ. "ಹೊಟ್ಟೆ ಸ್ವಲ್ಪ ಜಾಸ್ತಿ ಉಂಟಲ್ಲ ಅಣ್ಣ, ದೋಣಿ ಮುಳುಗೀತು" ಎಂದ. ಮುಳುಗಲಿ.

ಆರಿಸಿ ಎಂದೆಯಲ್ಲ, ಕೇಳು. ನಾನು ಯಾರ ಕಾಲಿಗೂ ಬೀಳುತ್ತಿಲ್ಲ. ಆಡಿದ್ದು ಆಡಿದೆ. ಆದರೆ ಈ ಪೆಟ್ಟಿಗೆಗೆ ನಿನ್ನಿಂದ ಗುಲಾಬಿ ಅಂಚಿನ ಕಾರ್ಡ್ ಬರಕೂಡದು. ಒಂದು ಸಾಲೂ ಬರಕೂಡದು. ಇದೇ ನನ್ನ ಆಯ್ಕೆ. ಇದರ ಅರ್ಥ ಏನೆಂದು ನೀನೇ ಬರೆದಿದ್ದೀಯ, ನಾನು ಬಾಯಿಬಿಟ್ಟು ಹೇಳುವುದಿಲ್ಲ.

ಇಂತು,
ಭುಜಂಗ

*

ರಿಫಾ
27 ಡಿಸೆಂಬರ್ 2024

ಮಗಾ,

ನಿನ್ನೆ ಸಂಘದ ಹಾಲ್‌ನಲ್ಲಿ ಹೊಸ ವರ್ಷದ ಕಾರ್ಯಕ್ರಮದ ತಾಲೀಮು. ಅಲ್ಲಿ ನಡೆದದ್ದನ್ನು ನೀನು ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದ ಕೇಳಬೇಕು. ಅವರು ಅರ್ಧ ನುಂಗುತ್ತಾರೆ.

ಚಹಾದ ಹೊತ್ತು. ನಿನ್ನ ಕಾರ್ಡುಗಳು ಎಲ್ಲರ ಕೈ ಸೇರಿವೆ. ನವನೀತ ತನ್ನದನ್ನು ಜೇಬಿನಿಂದ ತೆಗೆದು ಗಟ್ಟಿಯಾಗಿ ಓದಿದ, ತಾನು ಕೊಟ್ಟ ಸ್ನಾನದ ಟಬ್ಬಿನ ವಿಷಯ. ಜಿಂಜ್ ಬಡಾವಣೆಯಿಂದ ಬರುವ ನವ್ಯಶ್ರೀ ತನ್ನ ಫೋನಿನಲ್ಲಿ ಫೋಟೋ ಹಿಡಿದು ಎಲ್ಲರಿಗೂ ತೋರಿಸಿದಳು. ನಿನ್ನ ಅಮ್ಮ ಚೀಲ ತೆರೆದು, ಕಾರ್ಡನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದಳು. ಶ್ರೀಮತಿ ಉಮಾವತಿಯವರಿಗೆ ಎಂಬ ಸಾಲು ಜನರ ಕಡೆಗೆ. ಮನೆಯಲ್ಲಿ ಅದು ಫ್ರಿಜ್ಜಿನ ಬಾಗಿಲಿನಲ್ಲಿ ಇರುತ್ತದೆ. ಹಾಲು ತೆಗೆಯುವಾಗಲೆಲ್ಲ ನಾನು ಓದಬೇಕು.

ಆಗ ನವ್ಯಶ್ರೀ ನನ್ನ ಕಡೆ ತಿರುಗಿದಳು. "ಭುಜಂಗಣ್ಣ, ನಿಮಗೆ ಮಗಳು ಎಂತ ಬರೆದಿದ್ದಾಳೆ?"

ಎಲ್ಲರಿಗೂ ಕಥೆ ಗೊತ್ತು. ಮದುವೆಗೆ ಹೋಗದ ಅಪ್ಪ, ಬಯಕೆಗೆ ಹೋಗಿ ಮಗಳೊಡನೆ ಒಂದು ಮಾತೂ ಆಡದೆ ಊಟ ಮಾಡಿ ಬಂದ ಅಪ್ಪ. ಆ ದಿನ ನಾವಿಬ್ಬರೂ ಬಾಯಿ ತೆರೆಯಲಿಲ್ಲ, ನಿಜ. ನೀನು ಪೆಟ್ಟಿಗೆ ತೆರೆದೆ, ಅದನ್ನು ಹೊಟ್ಟೆಯ ಮೇಲೆ ಹರಡಿಕೊಂಡೆ, ಹಾಗೆಯೇ ಕೂತೆ. ಉಮಾವತಿ ಬೇಡ ಬೇಡ ಎಂದು ಕಣ್ಣು ಬಿಟ್ಟರೂ ತೆಗೆಯಲಿಲ್ಲ. ರೋನ್ಸನ್ ಪಾಯಸ ಬಡಿಸಲು ಬಂದ. ಸಾಕು ಎಂದು ಕೈ ಅಡ್ಡ ಇಟ್ಟೆ. ನನ್ನ ಬೆರಳುಗಳ ಸಂದಿಯಲ್ಲೇ ಇನ್ನೊಂದು ಸೌಟು ಸುರಿದ. ಅಳಿಯ ಮೊಂಡ. ನಮ್ಮ ಮನೆಗೆ ಹೊಂದುತ್ತಾನೆ.

ನಾನು ಎದ್ದು ನಿಂತೆ. ಚಹಾದ ಲೋಟ ಕೆಳಗಿಟ್ಟೆ. ಹಾಲ್‌ನ ಕೊನೆಯ ಗೋಡೆಗೆ ಕೇಳುವ ಹಾಗೆ ಹೇಳಿದೆ, "ನನಗೆ ಏನೂ ಬರೆದಿಲ್ಲ. ಒಂದು ಅಕ್ಷರವೂ ಇಲ್ಲ."

ಎಲ್ಲರ ಮುಖದಲ್ಲಿ ಅಯ್ಯೋ ಪಾಪ. ನವನೀತ ತನ್ನ ಕಾರ್ಡನ್ನು ಮೆಲ್ಲಗೆ ಜೇಬಿಗಿಳಿಸಿದ. ನವ್ಯಶ್ರೀ, "ಪೋಸ್ಟಿನಲ್ಲಿ ತಡ ಆಗಿರಬಹುದು ಅಣ್ಣ" ಎಂದಳು.

"ತಡ ಆಗಿಲ್ಲ," ಎಂದೆ. "ಬರುವುದೇ ಇಲ್ಲ. ನೀವೆಲ್ಲ ಕಾರ್ಡ್ ಇಟ್ಟುಕೊಳ್ಳಿ. ಈ ಬಹ್ರೇನಿನಲ್ಲಿ ಅವಳಿಂದ ಕಾರ್ಡ್ ಬಾರದ ಒಬ್ಬನೇ ಮನುಷ್ಯ ನಾನು."

ಮೂವತ್ತು ವರ್ಷ ರಂಗದಲ್ಲಿ ಮಾತಾಡಿದ್ದೇನೆ. ಇಷ್ಟು ಚೆನ್ನಾಗಿ ಯಾವ ಮಾತೂ ಬಾಯಿಂದ ಬಿದ್ದಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ಅವರಿಗೆ ಅರ್ಥವಾಗಲಿಲ್ಲ, ಆಗಬೇಕಾಗಿಯೂ ಇಲ್ಲ. ಉಮಾವತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ನಗುತ್ತಿದ್ದಳು ಎಂದುಕೊಂಡಿದ್ದೇನೆ.

ಬರುವ ಶುಕ್ರವಾರ ಬರುತ್ತೇವೆ. ಕೋಲ್ಡ್ ಸ್ಟೋರಿನ ಪಕ್ಕ ಕಾರಿಗೆ ನೆರಳಿಲ್ಲ, ನಾನು ಮೇಲೆಯೇ ಬರಬೇಕಾದೀತು. ಉದ್ದು ನೆನೆಹಾಕು. ಗ್ರೈಂಡರಿನ ಕಾಲು ಅಲ್ಲಾಡುತ್ತದೆ ಎಂದಿದ್ದೆಯಲ್ಲ, ಸ್ಪ್ಯಾನರ್ ತರುತ್ತೇನೆ. ಕಾಲನ್ನು ಸರಿ ಮಾಡಿದ ಮೇಲೂ ಆ ಕಾರ್ಡನ್ನು ಅಲ್ಲಿಂದ ತೆಗೆಯಬೇಡ, ಕಲ್ಲಿನ ಭಾರ ಅದರ ಮೇಲೆಯೇ ಇರಲಿ.

ನಿನ್ನ,
ಪಪ್ಪ